ನಡುರಾತ್ರಿ ಎರಡಕ್ಕೆ ಎದ್ದು ಬರೆದವರು

ಹಾಸನದಿಂದ ತಾಯಿಯೊಬ್ಬರು ಬರೆದಿದ್ದಾರೆ: "ನನ್ನ ಮಗಳಿಗೆ ಇಪ್ಪತ್ತಮೂರು ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದೆವ್ವದ ಕಥೆ, ಬೇರೆ ಗ್ರಹದವರ ಕಥೆ ಬರೆಯುತ್ತಾಳೆ. ಎರಡು ಕಥೆ ನಿಮ್ಮ ಪತ್ರಿಕೆಗೆ ಕಳಿಸಿದಳು, ಎರಡೂ ವಾಪಸ್ ಬಂದವು. ಈಗ ಕೆಲಸ ಬಿಟ್ಟು ಬರೀ ಬರೆಯುತ್ತೇನೆ ಅನ್ನುತ್ತಿದ್ದಾಳೆ. ಇಂಥದ್ದನ್ನು ಬರೆದು ಯಾರು ಉದ್ಧಾರ ಆಗಿದ್ದಾರೆ ಅಂತ ಮನೆಯವರೆಲ್ಲ ಕೇಳುತ್ತಾರೆ. ನಾನು ಅವಳಿಗೆ ಏನು ಹೇಳಲಿ?"

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವಳನ್ನು ಬಿಡಿಸುವುದು ಹೇಗೆ ಅಂತ ನೀವು ಕೇಳಿಲ್ಲ. ಏನು ಹೇಳಲಿ ಅಂತ ಕೇಳಿದ್ದೀರಿ. ಅದಕ್ಕೇ ನಿಮಗೆ ಇನ್ನೊಬ್ಬ ತಾಯಿ ಮತ್ತು ಮಗಳ ವಿಷಯ ಹೇಳಬೇಕು ಅನ್ನಿಸಿತು.

ಮಗಳ ಹೆಸರು ಆಕ್ಟೇವಿಯಾ ಬಟ್ಲರ್. 1947ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹುಟ್ಟಿದರು. ಕಪ್ಪು ಜನಾಂಗದ ಬಡ ಕುಟುಂಬ. ಅಪ್ಪ ಬೂಟ್ ಪಾಲಿಶ್ ಮಾಡುತ್ತಿದ್ದರು. ಮಗಳು ಚಿಕ್ಕವಳಿದ್ದಾಗಲೇ ತೀರಿಹೋದರು. ಅಮ್ಮ ಬಿಳಿಯರ ಮನೆಗೆಲಸಕ್ಕೆ ಹೋಗುತ್ತಿದ್ದರು, ಹಿತ್ತಲ ಬಾಗಿಲಿನಿಂದ. ಆ ಮನೆಯವರು ಬಿಸಾಡಿದ ಪುಸ್ತಕಗಳನ್ನೆಲ್ಲ ಮಗಳಿಗೆ ತಂದುಕೊಡುತ್ತಿದ್ದರು. ಹುಡುಗಿಗೆ ಡಿಸ್ಲೆಕ್ಸಿಯಾ, ಅಕ್ಷರ ಸಲೀಸಾಗಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಜೊತೆಗೆ ವಿಪರೀತ ನಾಚಿಕೆ. ಹತ್ತನೇ ವಯಸ್ಸಿಗೆ ಟೈಪ್‌ರೈಟರ್ ಬೇಕು ಅಂತ ಹಟ ಹಿಡಿದಳು. ಮನೆಗೆಲಸದ ದುಡ್ಡಿನಲ್ಲಿ ಅಮ್ಮ ಅದನ್ನೂ ತಂದುಕೊಟ್ಟರು.

ಹನ್ನೆರಡರಲ್ಲಿ ಟಿವಿಯಲ್ಲಿ ಮಂಗಳ ಗ್ರಹದ ಒಂದು ಕಳಪೆ ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಲ್ಲೆ ಅಂದುಕೊಂಡಳಂತೆ. ನಮ್ಮಂಥವರು ಲೇಖಕರಾಗೋಕೆ ಆಗಲ್ಲ ಮಗು, ಅಂತ ಅವರ ಚಿಕ್ಕಮ್ಮನೇ ಬುದ್ಧಿ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದು. ನಿಮ್ಮ ಮನೆಯವರೂ ಹಾಗೇ ಹೇಳುತ್ತಿದ್ದಾರೆ, ಅಲ್ವಾ?

1970ರಲ್ಲಿ ಕ್ಲಾರಿಯನ್ ಅನ್ನುವ ಬರವಣಿಗೆ ಶಿಬಿರಕ್ಕೆ ಹೋದರು. ವಿಜ್ಞಾನ ಕಥೆ ಬರೆಯುವವರಿಗೆಂದೇ ನಡೆಯುವ ಶಿಬಿರ ಅದು. ಅಲ್ಲಿ ಎರಡು ಕಥೆ ಮಾರಾಟವಾದವು. ಇನ್ನೇನು ದಾರಿ ಸಿಕ್ಕಿತು ಅಂದುಕೊಂಡರು. ಮುಂದಿನ ಐದು ವರ್ಷ ಒಂದು ಅಕ್ಷರವೂ ಮಾರಾಟವಾಗಲಿಲ್ಲ. ಆ ಎರಡು ಕಥೆಗಳಲ್ಲೂ ಒಂದು ಅವರು ಬದುಕಿರುವಾಗ ಅಚ್ಚಾಗಲೇ ಇಲ್ಲ, 2014ರಲ್ಲಿ ಬಂತು.

ಈ ಐದು ವರ್ಷದ ಬಗ್ಗೆ ನಿಮ್ಮ ಮಗಳಿಗೆ ಖಂಡಿತ ಹೇಳಿ. ಅವರು ಪಾತ್ರೆ ತೊಳೆದರು. ಗೋದಾಮಿನಲ್ಲಿ ದುಡಿದರು. ಫೋನ್ ಮಾಡಿ ಸಾಮಾನು ಮಾರುವ ಕೆಲಸ ಮಾಡಿದರು. ಆಲೂಗಡ್ಡೆ ಚಿಪ್ಸ್ ತಯಾರಾಗುವ ಕಡೆ ಕೆಟ್ಟ ಚಿಪ್ಸ್ ಆರಿಸಿ ತೆಗೆಯುವ ಕೆಲಸವನ್ನೂ ಮಾಡಿದರು. ನಡುರಾತ್ರಿ ಎರಡಕ್ಕೆ ಎದ್ದು ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಇಂಥ ಕೆಲಸಗಳನ್ನೇ ಹುಡುಕಿದ್ದಕ್ಕೆ ಕಾರಣವಿತ್ತು. ಕೈ ದುಡಿಯುತ್ತಿದ್ದರೂ ತಲೆ ಕಥೆಗೆ ಉಳಿಯುತ್ತಿತ್ತು. ಸ್ಫೂರ್ತಿಯನ್ನು ನಂಬಬೇಡಿ, ಅಭ್ಯಾಸವನ್ನು ನಂಬಿ ಎಂದು ಹೊಸಬರಿಗೆ ಅವರು ಬರೆದದ್ದು ಈ ವರ್ಷಗಳನ್ನು ದಾಟಿ ಬಂದ ಮೇಲೆ.

1976ರಲ್ಲಿ ಮೊದಲ ಕಾದಂಬರಿ ಬಂತು. 1979ರಲ್ಲಿ 'ಕಿಂಡ್ರೆಡ್'. ನಮ್ಮ ಕಾಲದ ಕಪ್ಪು ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಗುಲಾಮಗಿರಿಯ ಕಾಲದ ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿ ಬೀಳುವ ಕಥೆ. ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿದ್ದ ಅಮ್ಮನನ್ನು ನೋಡಿ ಬಟ್ಲರ್ ಚಿಕ್ಕವಳಿದ್ದಾಗ ನಾಚಿಕೆಪಟ್ಟಿದ್ದರಂತೆ. ಅಮ್ಮ ಅಷ್ಟೆಲ್ಲ ಸಹಿಸಿದ್ದರಿಂದಲೇ ತನ್ನ ಹೊಟ್ಟೆ ತುಂಬಿತು ಅಂತ ಆಮೇಲೆ ಅರ್ಥವಾಯಿತು. ಆ ಕಾದಂಬರಿಯ ಹಿಂದೆ ಇದೂ ಇದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ ಅಂದರೆ ಸುಮ್ನೆ ಮಜಾಕ್ಕೆ ಅನ್ನುವವರಿಗೆ ನಾನು ಈ ಪುಸ್ತಕವನ್ನೇ ಕೊಡುತ್ತೇನೆ.

ಅವರು ಕಾರು ಓಡಿಸುತ್ತಿರಲಿಲ್ಲ. ಲಾಸ್ ಏಂಜಲೀಸ್‌ನ ಬಸ್ಸುಗಳಲ್ಲೇ ಓಡಾಟ. ಕಾಯಿಲೆ ಬಿದ್ದು ಸಾವಿನ ಹತ್ತಿರ ಬಂದಿದ್ದ ಗೆಳತಿಯನ್ನು ನೋಡಲು ಹೊರಟಾಗ ಒಮ್ಮೆ ಬಸ್ಸಿನಲ್ಲಿ ರಕ್ತ ಬರುವಂಥ ಹೊಡೆದಾಟ ನಡೆಯಿತು. ಮನುಷ್ಯರು ಮಾತಾಡಿ ಅರ್ಥಮಾಡಿಕೊಳ್ಳುವುದನ್ನು ಯಾವತ್ತಾದರೂ ಕಲಿಯುತ್ತಾರಾ ಅನ್ನುವ ಬೇಸರದಲ್ಲಿ, ಜನ ಮಾತನ್ನೇ ಕಳೆದುಕೊಂಡ ಊರಿನ ಕಥೆ ಬರೆದರು. ಆ ಕಥೆಗೆ 1984ರಲ್ಲಿ, ವಿಜ್ಞಾನ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂತು.

ದುಡ್ಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ. 1995ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂತು, ಪ್ರತಿಭಾವಂತರಿಗೆ ಅಮೆರಿಕದಲ್ಲಿ ಕೊಡುವ ದೊಡ್ಡ ಧನಸಹಾಯ ಅದು, 2,95,000 ಡಾಲರ್. ವಿಜ್ಞಾನ ಕಥೆ ಬರೆಯುವವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಗ ಅವರಿಗೆ ಐವತ್ತು ಹತ್ತಿರವಾಗಿತ್ತು. ಮರುವರ್ಷವೇ ಅಮ್ಮ ತೀರಿಕೊಂಡರು. 2006ರಲ್ಲಿ, ಐವತ್ತೆಂಟನೇ ವಯಸ್ಸಿಗೆ, ಅವರೂ ಹೋದರು. 1993ರಲ್ಲಿ ಪ್ರಕಟವಾದ ಅವರ ಒಂದು ಕಾದಂಬರಿ 'ನ್ಯೂಯಾರ್ಕ್ ಟೈಮ್ಸ್'ನ ಹೆಚ್ಚು ಮಾರಾಟದ ಪಟ್ಟಿಗೆ ಬಂದದ್ದು 2020ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಗಿತ್ತು.

ಹಾಗಾಗಿ ಅಮ್ಮಾ, ಮಗಳು ಈಗಲೇ ಕೆಲಸ ಬಿಡುವುದು ಬೇಡ. ಕನ್ನಡದಲ್ಲಿ ಕಥೆಗೆ ನಾವು ಕೊಡುವ ಸಂಭಾವನೆಯಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಲಾಗದು, ಇದನ್ನು ಹೇಳದಿದ್ದರೆ ನಾನು ಮೋಸ ಮಾಡಿದಂತಾಗುತ್ತದೆ. ಆದರೆ ದಿನಕ್ಕೆ ಒಂದು ಗಂಟೆ ಅವಳದ್ದೇ ಆಗಿರಲಿ. ಊರಿಗೆ ಬಂದಾಗ ಆ ಹೊತ್ತಿನಲ್ಲಿ ಯಾರೂ ಅವಳನ್ನು ಕರೆಯದ ಹಾಗೆ ನೀವು ನೋಡಿಕೊಳ್ಳಿ.

ಇನ್ನೊಂದು ಮಾತು. ಕಾರಣ ಬರೆಯದೆ ಕಥೆ ವಾಪಸ್ ಕಳಿಸಿದ್ದು ನಮ್ಮ ತಪ್ಪು, ಕ್ಷಮಿಸಿ. ಎರಡನ್ನೂ ಈಗ ಮತ್ತೆ ಓದಿದ್ದೇನೆ. ಮೊದಲನೆಯದು ಯಾವುದೋ ಸಿನಿಮಾ ನೋಡಿ ಬರೆದಂತಿದೆ, ಅದನ್ನು ಬಿಟ್ಟುಬಿಡಲಿ. ಎರಡನೆಯದರಲ್ಲಿ ಸತ್ತ ಅಜ್ಜಿ ದಿನಾ ಸಂಜೆ ಬಂದು ಬಾವಿಕಟ್ಟೆ ಮೇಲೆ ಕೂರುತ್ತಾಳೆ, ಮನೆಯವರು ಏನೂ ಆಗಿಲ್ಲವೆಂಬಂತೆ ಅವಳಿಗೂ ಒಂದು ಲೋಟ ಕಾಫಿ ಇಟ್ಟು ಬರುತ್ತಾರೆ. ಅಲ್ಲಿಂದ ಮುಂದೆ ನನಗೆ ಪುಸ್ತಕ ಕೆಳಗಿಡಲಾಗದಂಥ ಓದು ಸಿಕ್ಕಿತು. ಆದರೆ ಅಲ್ಲಿಗೆ ಬರಲು ನಾಲ್ಕು ಪುಟ ಬೇಕಾಗಿದೆ. ಆ ನಾಲ್ಕು ಪುಟ ತೆಗೆದು, ಬಾವಿಕಟ್ಟೆಯಿಂದಲೇ ಶುರು ಮಾಡಿ, ನನ್ನ ಹೆಸರಿಗೇ ಕಳಿಸಲು ಹೇಳಿ. ದೀಪಾವಳಿ ಒಳಗೆ ಬಂದರೆ ನಾನೇ ಓದಿ, ನಾನೇ ಉತ್ತರ ಬರೆಯುತ್ತೇನೆ.

— ಸಂಪಾದಕ