ರೈಲಿನಾಗ ಬರೋ ನಿದ್ದಿ ವಿಮಾನದಾಗ ಯಾಕ ಬರಂಗಿಲ್ಲ?

ಪ್ರಶ್ನೆ: ನನಗ 61 ವರ್ಷ. ಮಗಳ ಬಾಣಂತನಕ್ಕಂತ ಮುಂದಿನ ತಿಂಗಳ ಫ್ರಾಂಕ್‌ಫರ್ಟ್‌ಗೆ ಹೊಂಟೀನಿ. ಹುಬ್ಬಳ್ಳಿಯೊಳಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ್ರ ಹಾವೇರಿ ಬರೂದ್ರಾಗ ಗೊರಕಿ ಹೊಡಿಯಾಕಿ ನಾನು. ಆದ್ರ ಹೋದ ಸಲ ವಿಮಾನದಾಗ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಈ ಸಲನೂ ಬೆಂಗಳೂರಿಂದ ನಸುಕಿನ 3ಕ್ಕ ವಿಮಾನ. ನಿದ್ದಿ ಗುಳಿಗಿ ತಗೊಂಡು ಹತ್ತಲೇನು?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಗುಳಿಗೆಯ ಮಾತು ಆಮೇಲೆ. ಮೊದಲು ಕುತ್ತಿಗೆಯದು.

ರೈಲಿನ ಬರ್ತ್‌ನಲ್ಲಿ ಕಾಲು ಚಾಚಿ ಮಲಗುತ್ತೀರಿ, ವಿಮಾನದಲ್ಲಿ ಕೂತೇ ಮಲಗಬೇಕು. ನಿದ್ದೆ ಆಳಕ್ಕಿಳಿದಂತೆ ಸ್ನಾಯುಗಳು ಸಡಿಲಾಗುತ್ತವೆ. ನಾಲ್ಕೈದು ಕಿಲೋ ಭಾರದ ತಲೆ ಜೋತು ಬೀಳುತ್ತದೆ, ಬೆಚ್ಚಿ ಕಣ್ಣು ಬಿಡುತ್ತೀರಿ. ಗುಡಿಯಲ್ಲಿ ಪುರಾಣ ಕೇಳುತ್ತ ತೂಕಡಿಸುವವರ ಫಜೀತಿಯೂ ಇದೇ. ನಿಮಗೆ ನಿದ್ದೆಯ ಕೊರತೆಯಿಲ್ಲ, ತಲೆಗೆ ಆಸರೆಯ ಕೊರತೆ. ಕುತ್ತಿಗೆ ದಿಂಬನ್ನು ಎಲ್ಲರೂ ಹಿಂದುಗಡೆ ಬರುವಂತೆ ಹಾಕುತ್ತಾರೆ. ತಲೆ ಬೀಳುವುದು ಮುಂದಕ್ಕೆ! ದಿಂಬನ್ನು ತಿರುಗಿಸಿ, ದಪ್ಪ ಭಾಗ ಗದ್ದದ ಕೆಳಗೆ ಬರಲಿ. ದುಡ್ಡು ಕೊಟ್ಟು ಕೊಳ್ಳಬೇಕೆಂದೇನಿಲ್ಲ, ಮನೆಯ ಉಲ್ಲನ್ ಶಾಲನ್ನೇ ಬಿಗಿಯಾಗಿ ಸುರುಳಿ ಸುತ್ತಿದರೂ ನಡೆಯುತ್ತದೆ. ಕಿಟಕಿ ಸೀಟು ಕೇಳಿ ಪಡೆಯಿರಿ: ಒರಗಲು ಗೋಡೆ ಸಿಗುತ್ತದೆ, ಪಕ್ಕದವರು ಎಬ್ಬಿಸುವುದಿಲ್ಲ. ಕಟ್ಟಕಡೆಯ ಸಾಲು ಬೇಡ, ಅಲ್ಲಿ ಎಷ್ಟೋ ಸಲ ಸೀಟು ಹಿಂದಕ್ಕೆ ಬಾಗುವುದೇ ಇಲ್ಲ. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಂಡರೆ ಸಿಬ್ಬಂದಿ ತಟ್ಟಿ ಎಬ್ಬಿಸುವ ಪ್ರಮೇಯ ಬರದು.

ಇನ್ನು ಹೊಟ್ಟೆ. ವಿಮಾನದೊಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ರಾತ್ರಿ ಕಳೆದಂತೆ. ಅಲ್ಲಿ ಹೊಟ್ಟೆಯೊಳಗಿನ ಗ್ಯಾಸು ಕಾಲು ಭಾಗದಷ್ಟಾದರೂ ಉಬ್ಬುತ್ತದೆ. ಹೊರಡುವ ದಿನ ಗಿರ್ಮಿಟ್, ಮಿರ್ಚಿ ಮುಟ್ಟಬೇಡಿ. ಯಜಮಾನರೂ ಜೊತೆಗಿದ್ದರೆ, ಪುಕ್ಕಟೆ ವೈನು ನಿದ್ದೆ ತರುತ್ತದೆಂಬ ಅವರ ವಾದಕ್ಕೆ ಕಿವಿಗೊಡಬೇಡಿ. ಅದು ಬೇಗ ಮಲಗಿಸಿ, ನಡುವೆ ಎಬ್ಬಿಸಿ, ಬಾಯಿ ಒಣಗಿಸುತ್ತದೆ.

ನಸುಕಿನ 3 ಗಂಟೆಯೆಂದರೆ ಫ್ರಾಂಕ್‌ಫರ್ಟ್‌ನಲ್ಲಿ ಬೇಸಿಗೆಯಾದರೆ ರಾತ್ರಿ 11.30, ಚಳಿಗಾಲವಾದರೆ 10.30. ಹತ್ತಿದ ಕೂಡಲೇ ಗಡಿಯಾರ ಹಾಗೆ ತಿರುಗಿಸಿ, ಅಲ್ಲಿಯವರಂತೆ ಮಲಗಿಬಿಡಿ. ಊಟದ ಗಾಡಿಗೆ ಕಾಯುತ್ತ ಕೂತಿರಿ ಅಂದರೆ ಒಂದೂವರೆ ತಾಸು ಹೋಯಿತು. ವಿಮಾನ ನಿಲ್ದಾಣದಲ್ಲೇ ಮೊಸರನ್ನ ಉಂಡು, ಊಟಕ್ಕೆ ಎಬ್ಬಿಸಬೇಡಿರೆಂದು ಗಗನಸಖಿಗೆ ಹೇಳಿ. ಸಂಜೆಯ ಮೇಲೆ ಚಹಾ, ಕಾಫಿ ಇಲ್ಲ. ಕುಡಿದ ಐದು ತಾಸಿನ ಮೇಲೂ ಅರ್ಧದಷ್ಟು ಕೆಫೀನು ರಕ್ತದಲ್ಲೇ ಇರುತ್ತದೆ. ಕಣ್ಣುಪಟ್ಟಿ, ಕಿವಿಗೆ ಫೋಮ್ ಬಿರಡೆ ಇರಲಿ.

ಗುಳಿಗೆ? ನನ್ನ ಉತ್ತರ, ಬೇಡ. ಈ ವಯಸ್ಸಿನಲ್ಲಿ ಮಂಪರು, ಗಲಿಬಿಲಿ, ಶೌಚಾಲಯಕ್ಕೆ ಎದ್ದಾಗ ಜೋಲಿ ಹೊಡೆಯುವ ಭಯ ಒಂದು ಕಡೆ. ಮಿಸುಕಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇನ್ನೊಂದು ಕಡೆ. ನಾಲ್ಕು ತಾಸಿಗೂ ಮೀರಿದ ಪ್ರಯಾಣದಲ್ಲಿ ಇದು ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆಗೆ ಗುಳಿಗೆ ನಡೆದಿದ್ದರೆ, ಹಿಂದೆ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಹೋಗುವ ಮುನ್ನ ನಿಮ್ಮ ಡಾಕ್ಟರನ್ನು ಕಾಣಲೇಬೇಕು. ಅವರೇ ನಿದ್ದೆ ಗುಳಿಗೆ ಬರೆದುಕೊಟ್ಟರೂ ಮೊದಲ ಪ್ರಯೋಗ ಮನೆಯಲ್ಲಾಗಲಿ, ಆಕಾಶದಲ್ಲಲ್ಲ. ಎಚ್ಚರಾದಾಗಲೆಲ್ಲ ಪಾದ ಮೇಲೆ ಕೆಳಗೆ ಆಡಿಸಿ, ಎರಡು ಗುಟುಕು ನೀರು ಕುಡಿಯಿರಿ.

ಹತ್ತು ತಾಸಿನಲ್ಲಿ ತುಂಡು ತುಂಡಾಗಿ ನಾಲ್ಕು ತಾಸು ನಿದ್ದೆಯಾದರೂ ಗೆದ್ದಂತೆ. ಇಳಿಯುವ ಅರ್ಧ ತಾಸು ಮೊದಲು ಮಾತ್ರ ಎದ್ದು ಕೂಡ್ರಿ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆ, ಕಿವಿ ಕಟ್ಟಿಕೊಂಡು ನೋಯುತ್ತದೆ. ಬಾಯಲ್ಲೊಂದು ಲಿಂಬೆಹುಳಿ ಪೆಪ್ಪರಮೆಂಟು ಇರಲಿ.