ಹೊಟ್ಟೆನೋವಿಗೆ ಸಮ್ಮೋಹನ: ನಾನು ಕಾರಣವನ್ನು ಏಕೆ ಕೆದಕಲಿಲ್ಲ

ಒಂದೇ ಬಗೆಯ ತೊಂದರೆಯನ್ನು ಹೊತ್ತವರು ಒಬ್ಬರಾದ ಮೇಲೊಬ್ಬರು, ಸಮ್ಮೋಹನ ಚಿಕಿತ್ಸೆ (ಹಿಪ್ನೋಥೆರಪಿ) ನೀಡುವ ನನ್ನ ಬಳಿಗೆ ಬರುತ್ತಿರುವುದರಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇವರೆಲ್ಲ ವರ್ಷಗಟ್ಟಲೆ ಹೊಟ್ಟೆ ನುಲಿತ, ಉಬ್ಬರ, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ ಎಂದು ನರಳಿದವರು. ವೈದ್ಯರು ಇದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಗಳಲ್ಲಿ ಬೇರೆ ರೋಗ ಕಾಣದಿದ್ದರೂ ಕರುಳು ಹೀಗೆ ಕಾಡುವ ಸ್ಥಿತಿ) ಎಂದು ಹೇಳಿದ ಮೇಲೂ ಔಷಧದಿಂದ ಪೂರ್ತಿ ಗುಣ ಕಾಣದವರು. ಸಮ್ಮೋಹನ ಚಿಕಿತ್ಸೆಯಿಂದ ಪ್ರಯೋಜನವಿದೆ ಎಂದು ಎಲ್ಲೋ ಓದಿ, ಹತ್ತಿರದಲ್ಲಿ ಸಿಕ್ಕ ಕೇಂದ್ರಕ್ಕೆ ಹೋಗಿ, ಹೊಟ್ಟೆನೋವಿನ ಜೊತೆಗೆ ಇನ್ನೊಂದು ನೋವನ್ನೂ ಹೊತ್ತುಕೊಂಡು ಬಂದವರು. ಅವರು ಓದಿದ ಮಾತು ಸುಳ್ಳಾಗಿರಲಿಲ್ಲ. ಆದರೆ ಹೋದ ಜಾಗದಲ್ಲಿ ಅವರಿಗೆ ಸಿಕ್ಕಿದ್ದು ಆ ಚಿಕಿತ್ಸೆಯಾಗಿರಲಿಲ್ಲ.

ಇಲ್ಲಿ ಹೇಳುತ್ತಿರುವ ಮಹಿಳೆಯನ್ನು ವಸಂತಾ ಎಂದು ಕರೆಯುತ್ತೇನೆ. ಹೆಸರು, ಊರು, ಸಂಬಂಧಗಳನ್ನು ಬದಲಿಸಿದ್ದೇನೆ. ವೃತ್ತಿಯನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದಿಲ್ಲದೆ ಈ ಪ್ರಕರಣವೇ ಇಲ್ಲ. ಅವರು ನ್ಯಾಯಾಲಯವೊಂದರಲ್ಲಿ ಶೀಘ್ರಲಿಪಿಗಾರ್ತಿ. ವಯಸ್ಸು ಮೂವತ್ತರ ಮಧ್ಯದಲ್ಲಿದೆ. ಸಾಕ್ಷಿಯ ವಿಚಾರಣೆ ನಡೆಯುವಾಗ ಎದ್ದು ಹೋಗುವಂತಿಲ್ಲ ಎಂಬ ಭಯದಿಂದ ಬೆಳಿಗ್ಗೆ ತಿಂಡಿ ಬಿಟ್ಟಿದ್ದರು, ಮಧ್ಯಾಹ್ನ ಮೊಸರನ್ನ ಮಾತ್ರ ತಿನ್ನುತ್ತಿದ್ದರು. ಜಠರ-ಕರುಳು ತಜ್ಞರು ರಕ್ತ ಮತ್ತು ಮಲದ ಪರೀಕ್ಷೆ ಮಾಡಿಸಿ, ಗೋಧಿಯ ಅಂಟಿನಿಂದ ಬರುವ ಸೀಲಿಯಾಕ್ ಕಾಯಿಲೆಯಿಲ್ಲವೆಂದು ಖಚಿತಪಡಿಸಿ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಯನ್ನೂ ಮಾಡಿ, ಕರುಳಿನಲ್ಲಿ ಹುಣ್ಣಾಗಲಿ ಕ್ಷಯವಾಗಲಿ ಇಲ್ಲವೆಂದು ಬರೆದುಕೊಟ್ಟು ನನ್ನ ಬಳಿ ಕಳುಹಿಸಿದ್ದರು. ಆ ಕಡತವಿಲ್ಲದೆ ನಾನು ಯಾರಿಗೂ ಈ ಚಿಕಿತ್ಸೆಯನ್ನು ಆರಂಭಿಸುವುದಿಲ್ಲ. ಮಲದಲ್ಲಿ ರಕ್ತ, ತೂಕದ ಇಳಿಕೆ, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರ ಬಳಿಗೆ ಹೋಗಬೇಕು; ಕರುಳಿನ ಕ್ಷಯ ಇನ್ನೂ ಅಪರೂಪವಾಗಿಲ್ಲದ ನಮ್ಮ ದೇಶದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ.

ಮೊದಲ ಭೇಟಿಯಲ್ಲಿ ವಸಂತಾ ಕೇಳಿದ್ದು, "ಇದು ನಾರ್ಕೋ ಪರೀಕ್ಷೆಯ ಹಾಗೆಯೇ ಮೇಡಂ? ನನಗೆ ಗೊತ್ತಿಲ್ಲದ ಹಾಗೆ ನನ್ನ ಬಾಯಿಂದ ಮಾತು ಬಂದುಬಿಡುತ್ತದೆಯೇ?" ಅಭಿಯುಕ್ತರ ಒಪ್ಪಿಗೆಯಿಲ್ಲದೆ ನಾರ್ಕೋ ಪರೀಕ್ಷೆ (ಮಂಪರಿನ ಮದ್ದು ಚುಚ್ಚಿ ಪ್ರಶ್ನೆ ಕೇಳುವುದು) ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ ತೀರ್ಪು ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದ್ದು, ಕಚೇರಿಯಲ್ಲಿ ಅದರ ಮಾತು ಕೇಳಿಯೇ ಅವರು ಈ ಪ್ರಶ್ನೆ ತಂದಿದ್ದರು. ಇಲ್ಲಿ ಚುಚ್ಚುಮದ್ದಿಲ್ಲ, ನೀವು ಎಚ್ಚರವಾಗಿಯೇ ಇರುತ್ತೀರಿ, ಹೊರಗಿನ ಆಟೋ ಸದ್ದೂ ಕೇಳುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ತೆರೆದು ಎದ್ದು ಹೋಗಬಹುದು ಎಂದು ವಿವರಿಸಿದೆ. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಇದಕ್ಕೂ ಮೊದಲು ಅವರು ಬೇರೊಂದು ಕೇಂದ್ರಕ್ಕೆ ಹೋಗಿಬಂದಿದ್ದರೆಂಬುದು ಎರಡನೆಯ ಭೇಟಿಯಲ್ಲಿ ಹೊರಬಿತ್ತು.

ಅಲ್ಲಿ ಅವರನ್ನು ಮಲಗಿಸಿ, ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಂದು ಬಾಲ್ಯಕ್ಕೆ ಕರೆದೊಯ್ದು, ನೋವಿನ ಮೂಲವನ್ನು ಹುಡುಕಿದ್ದರು. ಅದರ ಕೊನೆಯಲ್ಲಿ ಅವರಿಗೆ ಹಳೆಯ ಮನೆಯ ನಡುಮನೆಯೂ ಬಾಗಿಲಲ್ಲಿ ನಿಂತ ಚಿಕ್ಕಪ್ಪನೂ ಕಂಡಿದ್ದರು. ಚಿಕ್ಕಪ್ಪ ಏನು ಮಾಡಿದರೆಂಬುದು ಕಂಡಿರಲಿಲ್ಲ. ನಿಂತದ್ದು ಮಾತ್ರ ಕಂಡಿತ್ತು. ಅಂದಿನಿಂದ ಅವರು ಚಿಕ್ಕಪ್ಪನ ಮನೆಗೆ ಹೋಗುವುದನ್ನು ಬಿಟ್ಟಿದ್ದರು, ತಾಯಿಯೊಂದಿಗೆ ಮಾತು ಕಡಿಮೆ ಮಾಡಿದ್ದರು, ಹೊಟ್ಟೆನೋವು ಮೊದಲಿಗಿಂತ ಹೆಚ್ಚಾಗಿತ್ತು. ಮುಂದಿನ ಹಂತದಲ್ಲಿ ಪೂರ್ವಜನ್ಮಕ್ಕೆ ಹೋಗಬೇಕು, ಅದಕ್ಕೆ ಬೇರೆ ಶುಲ್ಕ ಎಂದಾಗ ಅಲ್ಲಿಂದ ಬಿಟ್ಟು ಬಂದಿದ್ದರು. ನನ್ನಿಂದ ಅವರು ಬಯಸಿದ್ದು ಒಂದೇ: ಆ ಬಾಗಿಲಿನ ಬಳಿಗೆ ತಮ್ಮನ್ನು ಮತ್ತೊಮ್ಮೆ ಕರೆದೊಯ್ದು, ಅಲ್ಲಿ ನಿಜವಾಗಿ ಏನು ನಡೆಯಿತೆಂಬುದನ್ನು ತಿಳಿಸಿಕೊಡಬೇಕು.

ನಾನು ಒಪ್ಪಲಿಲ್ಲ. ಅದಕ್ಕೆ ಬದಲಾಗಿ, ಮುಂದಿನ ವಾರ ಬರುವಾಗ ಆ ದಿನ ಆ ಕೇಂದ್ರದವರು ಏನು ಕೇಳಿದರು, ನೀವು ಏನು ಹೇಳಿದಿರಿ ಎಂಬುದನ್ನು ನಿಮ್ಮ ಕಚೇರಿಯಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವ ರೀತಿಯಲ್ಲೇ, ನೆನಪಿದ್ದಷ್ಟನ್ನು ಬರೆದು ತನ್ನಿ ಎಂದೆ. ಅವರು ಎರಡು ಹಾಳೆ ಬರೆದು ತಂದರು. ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು. ಓದಿ ಹೇಳಿ ಎಂದಾಗ ತಗ್ಗಿದ ಸ್ವರದಲ್ಲಿ ಓದತೊಡಗಿದರು. ನಿಮಗೆ ಎಷ್ಟು ವಯಸ್ಸು ಎಂದು ಕೇಳಿದ್ದಾರೆ. ಆರೋ ಏಳೋ ಎಂದಿದ್ದಾರೆ. ಎಲ್ಲಿದ್ದೀರಿ ಎಂದು ಕೇಳಿದ್ದಾರೆ. ಅಜ್ಜಿಯ ಮನೆ ಎಂದಿದ್ದಾರೆ. ಮೂರನೆಯ ಪ್ರಶ್ನೆ ಹೀಗಿತ್ತು: "ನಿಮ್ಮ ಹೊಟ್ಟೆಗೆ ನೋವಾಗುವಂತೆ ಮಾಡಿದವರು ಅಲ್ಲೇ ಇದ್ದಾರೆ, ಅವರು ಯಾರು?"

ವಸಂತಾ ಅಲ್ಲಿ ನಿಂತರು. ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ತಲೆಯೆತ್ತಿ, ನ್ಯಾಯಾಲಯದಲ್ಲಿ ಮಾತನಾಡುವ ಸ್ವರದಲ್ಲೇ ಇರಬೇಕು, ಹೇಳಿದರು: "ಇದು ಸೂಚಕ ಪ್ರಶ್ನೆ ಮೇಡಂ. ಮುಖ್ಯ ವಿಚಾರಣೆಯಲ್ಲಿ ಇದನ್ನು ಕೇಳಿದ್ದರೆ ಎದುರು ಪಕ್ಷದ ವಕೀಲರು ತಕ್ಷಣ ಆಕ್ಷೇಪಣೆ ಎತ್ತುತ್ತಿದ್ದರು. ಒಬ್ಬರು ಇದ್ದಾರೆ ಅಂತ ಅವರೇ ಹೇಳಿಬಿಟ್ಟಿದ್ದಾರೆ. ಹೆಸರು ಹೇಳುವುದಷ್ಟೇ ನನಗೆ ಉಳಿದದ್ದು."

ನಾನು ಆಗ ಏನನ್ನೂ ಸೇರಿಸಲಿಲ್ಲ. ಅವರು ಉಳಿದ ಪ್ರಶ್ನೆಗಳನ್ನು ತಾವೇ ಓದಿಕೊಂಡು, ಇನ್ನೂ ಎರಡರ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಬಳಿಕ ಬಹಳ ಹೊತ್ತು ಅತ್ತರು. ಹಾಗಾದರೆ ಚಿಕ್ಕಪ್ಪ ಏನೂ ಮಾಡಿಲ್ಲವೇ ಎಂದು ಕೇಳಿದರು. ಇಲ್ಲಿ ನಾನು ಕೊಟ್ಟ ಉತ್ತರವನ್ನು ಆಮೇಲೆ ಕೆಲವರು ಟೀಕಿಸಿದ್ದಾರೆ. ಆದರೂ ಮತ್ತೆ ಅಂಥ ಪ್ರಶ್ನೆ ಬಂದರೆ ಅದೇ ಉತ್ತರವನ್ನು ಕೊಡುತ್ತೇನೆ. "ನಡೆದಿದೆ ಎಂದು ಹೇಳಲು ಆ ಕೇಂದ್ರದವರಿಗೆ ಹೇಗೆ ಆಧಾರವಿರಲಿಲ್ಲವೋ, ನಡೆದಿಲ್ಲ ಎಂದು ಹೇಳಲು ನನಗೂ ಆಧಾರವಿಲ್ಲ. ಆ ಕೋಣೆಯಲ್ಲಿ ಕಂಡದ್ದನ್ನು ಹಿಡಿದು ಯಾರನ್ನೂ ದೂರಬೇಡಿ, ಅದೇ ಕಾರಣಕ್ಕೆ ಯಾರ ಬಳಿಯೂ ಕ್ಷಮೆ ಕೇಳಲು ಓಡಬೇಡಿ. ಅಲ್ಲಿಗೆ ಹೋಗುವ ಮೊದಲೇ ನಿಮಗೆ ನೆನಪಿದ್ದ ಸಂಗತಿ ಯಾವುದಾದರೂ ಇದ್ದರೆ ಅದನ್ನು ಬೇರೆಯಾಗಿ ಕೂತು ಮಾತನಾಡೋಣ, ಅದಕ್ಕೆ ಸಮ್ಮೋಹನ ಬೇಡ."

ಸಹೋದ್ಯೋಗಿಯೊಬ್ಬರ ಆಕ್ಷೇಪ ಹೀಗಿತ್ತು: ಬಾಲ್ಯದಲ್ಲಿ ಹಿಂಸೆಗೆ ಒಳಗಾದವರಲ್ಲಿ ಐಬಿಎಸ್ ಹೆಚ್ಚಾಗಿ ಕಾಣುತ್ತದೆಂದು ಅಧ್ಯಯನಗಳೇ ಹೇಳುವಾಗ, ನೀವು ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಿದಂತಾಗಲಿಲ್ಲವೇ? ಈ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿಂಸೆಗೂ ಐಬಿಎಸ್‌ಗೂ ಇರುವ ನಂಟು ನಿಜ, ತಾವಾಗಿ ಹೇಳಿಕೊಳ್ಳುವವರ ಮಾತನ್ನು ನಾನು ನಂಬಿಯೇ ಕೇಳುತ್ತೇನೆ. ಆದರೆ ಸಮ್ಮೋಹನದ ಸ್ಥಿತಿಯಲ್ಲಿ ಮನಸ್ಸು ಸೂಚನೆಯನ್ನು ಬೇಗ ಒಪ್ಪಿಕೊಳ್ಳುತ್ತದೆ ಎಂಬುದೇ ಈ ಚಿಕಿತ್ಸೆಗೆ ತಳಹದಿ. ಕರುಳು ಶಾಂತವಾಗುತ್ತಿದೆ ಎಂಬ ಸೂಚನೆ ನಾಟುವ ಮನಸ್ಸಿನಲ್ಲಿ, ನಿನ್ನನ್ನು ಯಾರೋ ನೋಯಿಸಿದರು ಎಂಬ ಸೂಚನೆಯೂ ನಾಟುತ್ತದೆ. ಸಮ್ಮೋಹನದಲ್ಲಿ ಎಬ್ಬಿಸಿದ ನೆನಪು ಹೆಚ್ಚು ನಿಖರವಾಗುವುದಿಲ್ಲ. ನೆನಪಿಸಿಕೊಂಡವರಿಗೆ ಅದರ ಮೇಲಿನ ನಂಬಿಕೆ ಮಾತ್ರ ಹೆಚ್ಚುತ್ತದೆ. ಇದು ದಶಕಗಳ ಸಂಶೋಧನೆಯಿಂದ ಗಟ್ಟಿಯಾದ ತಿಳಿವಳಿಕೆ. ಇದನ್ನು ತಿಳಿದೂ ಆ ಬಾಗಿಲಿಗೆ ಅವರನ್ನು ಮತ್ತೆ ಕರೆದೊಯ್ದಿದ್ದರೆ, ನಾನು ಒಬ್ಬ ಮನುಷ್ಯನ ಮೇಲೆ ಸಾಕ್ಷ್ಯ ಸೃಷ್ಟಿಸಿದಂತಾಗುತ್ತಿತ್ತು. ನಿಜವಾಗಿ ಏನಾದರೂ ನಡೆದಿದ್ದರೆ, ಆ ಸಾಕ್ಷ್ಯವನ್ನು ಶಾಶ್ವತವಾಗಿ ಕೆಡಿಸಿದಂತಾಗುತ್ತಿತ್ತು.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಐಬಿಎಸ್‌ಗೆ ಪರಿಣಾಮಕಾರಿ ಎಂದು ಕಂಡುಬಂದಿರುವ ಸಮ್ಮೋಹನದಲ್ಲಿ ಮೂಲದ ಹುಡುಕಾಟಕ್ಕೆ ಜಾಗವೇ ಇಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ವೊರ್ವೆಲ್ ಮತ್ತು ಸಂಗಡಿಗರು 1984ರಲ್ಲಿ, ಯಾವ ಔಷಧಕ್ಕೂ ಬಗ್ಗದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಮ್ಮೋಹನವನ್ನೂ ಇನ್ನೊಂದಕ್ಕೆ ಮಾತಿನ ಚಿಕಿತ್ಸೆಯ ಜೊತೆ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ಮಾತಿನ ಚಿಕಿತ್ಸೆ ಪಡೆದವರಿಗಿಂತ, ಹೊಟ್ಟೆಯ ಮೇಲೆ ಕೈಯಿಟ್ಟು ಬಿಸುಪನ್ನು ಕಲ್ಪಿಸಿಕೊಂಡು ಕರುಳಿನ ಚಲನೆಯನ್ನು ಹದಕ್ಕೆ ತರುವುದನ್ನು ಕಲಿತವರು ಬಹಳ ಹೆಚ್ಚು ಸುಧಾರಿಸಿದರು. ಅದೇ ಘಟಕ 2015ರಲ್ಲಿ ಪ್ರಕಟಿಸಿದ 1000 ರೋಗಿಗಳ ವರದಿಯಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಗಮನಾರ್ಹ ಉಪಶಮನ ಕಂಡಿತ್ತು. ನೆದರ್ಲೆಂಡ್ಸಿನಲ್ಲಿ ಇನ್ನೂ ಕಟ್ಟುನಿಟ್ಟಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ತಿಂಗಳ ಕೊನೆಗೆ ಸಾಕಷ್ಟು ಉಪಶಮನ ಹೇಳಿದವರು ಒಬ್ಬೊಬ್ಬರಾಗಿ ಸಮ್ಮೋಹನ ಪಡೆದವರಲ್ಲಿ ಶೇ. 41ರಷ್ಟು, ಗುಂಪಿನಲ್ಲಿ ಪಡೆದವರಲ್ಲಿ ಶೇ. 33ರಷ್ಟು, ಬರಿಯ ತಿಳಿವಳಿಕೆ ಮತ್ತು ಬೆಂಬಲ ಪಡೆದವರಲ್ಲಿ ಶೇ. 17ರಷ್ಟು. ನೆದರ್ಲೆಂಡ್ಸಿನ ಅಂಕಿಗಳನ್ನು ಬಿಟ್ಟು ಮ್ಯಾಂಚೆಸ್ಟರಿನ ಮುಕ್ಕಾಲು ಪಾಲನ್ನಷ್ಟೇ ಹೇಳುವವರನ್ನು ನಂಬಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಪ್ರಯೋಜನ ಖಂಡಿತ ಇದೆ, ಎಲ್ಲರಿಗೂ ಇಲ್ಲ.

ಹಾಗಾದರೆ ಇದೆಲ್ಲ ಮನಸ್ಸಿನ ಭ್ರಮೆಯೇ ಎಂದು ವಸಂತಾ ಅವರ ಯಜಮಾನರು ಕೇಳಿದರು. ಅಲ್ಲವೇ ಅಲ್ಲ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಗಿಲಾದ ನರಕೋಶಗಳಿವೆ, ಅವುಗಳಿಗೂ ಮಿದುಳಿಗೂ ನಡುವೆ ಹಗಲಿರುಳು ಸಂದೇಶಗಳು ಓಡಾಡುತ್ತವೆ. ಗುದನಾಳದಲ್ಲಿ ಪುಟ್ಟ ಬಲೂನನ್ನು ಊದಿ ನೋಡಿದ ಪರೀಕ್ಷೆಗಳಲ್ಲಿ, ಬೇರೆಯವರಿಗೆ ನೋವೆನ್ನಿಸದಷ್ಟು ಒತ್ತಡಕ್ಕೇ ಅನೇಕ ಐಬಿಎಸ್ ರೋಗಿಗಳಿಗೆ ನೋವಾಗುತ್ತದೆ. ಸಮ್ಮೋಹನದ ನಂತರ ಅಂಥವರ ಸಂವೇದನೆ ಸಹಜದ ಕಡೆಗೆ ಬಂದದ್ದೂ ದಾಖಲಾಗಿದೆ. ಆ ನೋವು ನಿಜವಾದದ್ದು, ತಗ್ಗಿಸುವ ದಾರಿ ಮಿದುಳಿನ ಮೂಲಕವೂ ಇದೆ, ಅಷ್ಟೆ.

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿ ಮುಗಿಸಬಹುದು. ಮೂರು ತಿಂಗಳಲ್ಲಿ ಹತ್ತಾರು ಭೇಟಿಗಳು, ಪ್ರತಿ ದಿನ ಮನೆಯಲ್ಲಿ ಕಾಲು ಗಂಟೆ ಕೇಳಬೇಕಾದ ಧ್ವನಿಮುದ್ರಿಕೆ. ಕರುಳಿಗೆ ಒಂದು ಚಿತ್ರವನ್ನು ಅವರೇ ಆರಿಸಿಕೊಳ್ಳಬೇಕಿತ್ತು. ಮಂಡ್ಯದ ಕಡೆಯವರಾದ ಅವರು ನಾಲೆಯನ್ನೂ ತೂಬನ್ನು ಏರಿಸಿ ಇಳಿಸುವ ನೀರಗಂಟಿಯನ್ನೂ ಆರಿಸಿಕೊಂಡರು. ಐದನೆಯ ಭೇಟಿಯವರೆಗೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆಮೇಲೆ ನೋವು ಬರುವ ದಿನಗಳು ಕಡಿಮೆಯಾದವು, ಬೆಳಿಗ್ಗೆ ಎರಡು ಇಡ್ಲಿ ತಿಂದು ಕಚೇರಿಗೆ ಹೋಗತೊಡಗಿದರು. ಉಬ್ಬರ ಈಗಲೂ ಇದೆ, ಅದಕ್ಕೆ ತಜ್ಞರು ಕೊಟ್ಟ ಆಹಾರದ ಪಥ್ಯ ಮುಂದುವರಿದಿದೆ. ತಾಯಿಯೊಂದಿಗೆ ಮಾತು ಮತ್ತೆ ಶುರುವಾಗಿದೆ. ಚಿಕ್ಕಪ್ಪನ ವಿಷಯದಲ್ಲಿ ಅವರು ಏನು ನಿರ್ಧರಿಸಿದರೆಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದು ಅವರಿಗೆ ಬಿಟ್ಟದ್ದು.

ಈ ಚಿಕಿತ್ಸೆಯನ್ನು ಬಯಸುವ ಓದುಗರು ವೈದ್ಯರ ತಪಾಸಣೆ ಮುಗಿದ ಮೇಲೆ, ಮನೋವೈದ್ಯರಲ್ಲಿ ಅಥವಾ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟರಲ್ಲಿ, ಕರುಳಿಗೆ ಸಂಬಂಧಿಸಿದ ಸಮ್ಮೋಹನದಲ್ಲಿ ತರಬೇತಿ ಪಡೆದವರನ್ನೇ ಹುಡುಕಿ. ಹಣ ಕಟ್ಟುವ ಮೊದಲೇ, ಭೇಟಿಯಲ್ಲಿ ಏನೇನು ಮಾಡುತ್ತೀರಿ ಎಂದು ಸ್ಪಷ್ಟವಾಗಿ ಕೇಳಿ. ಬಾಲ್ಯಕ್ಕೋ ಪೂರ್ವಜನ್ಮಕ್ಕೋ ಹೋಗಿ ಮೂಲ ತೆಗೆಯುತ್ತೇವೆ ಎಂದರೆ, ಔಷಧ ನಿಲ್ಲಿಸಿ ಎಂದರೆ, ನೂರಕ್ಕೆ ನೂರು ಗುಣವೆಂದರೆ, ಅಲ್ಲಿಂದ ಎದ್ದು ಬನ್ನಿ. ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮನೋರೋಗ ಮೊದಲು ಬಂದಿದ್ದರೆ ಅದನ್ನು ಮುಚ್ಚಿಡಬೇಡಿ, ಅಂಥವರಿಗೆ ಈ ಚಿಕಿತ್ಸೆ ಹೊಂದುವುದಿಲ್ಲ. ಈಗಾಗಲೇ ಇಂಥ ಕೇಂದ್ರವೊಂದರಿಂದ ಒಂದು ದೃಶ್ಯವನ್ನು ಹೊತ್ತು ಬಂದಿದ್ದೀರಾದರೆ, ಅದನ್ನು ಮುಂದಿನ ಸಲಹೆಗಾರರಿಗೆ ಮೊದಲ ಭೇಟಿಯಲ್ಲೇ ಹೇಳಿ, ಅಲ್ಲಿಯವರೆಗೆ ಮನೆಯವರ ವಿಷಯದಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಅದರಿಂದ ರಾತ್ರಿ ನಿದ್ದೆ ಬರುತ್ತಿಲ್ಲವಾದರೆ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.