ಸಂಪಾದಕರ ಉತ್ತರ: ಸ್ವರ ಬರೆದವನಿಗೆ ಎರಡು ಪುಟ ಹೆಚ್ಚೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ ಜಾಝ್ ಲೇಖನದಲ್ಲಿ ಫ್ಲೆಚರ್ ಹೆಂಡರ್ಸನ್‌ಗೆ ಎರಡು ಪುಟ, ಸ್ವಿಂಗ್ ಸಂಗೀತದ ದೊರೆ ಎಂದು ಜಗತ್ತೇ ಕರೆದ ಬೆನ್ನಿ ಗುಡ್‌ಮನ್‌ಗೆ ಎರಡು ಸಾಲು. ತನ್ನ ವಾದ್ಯವೃಂದವನ್ನೇ ಉಳಿಸಿಕೊಳ್ಳಲಾರದವನ ಮೇಲೆ ಇಷ್ಟು ಮಮತೆ ಏಕೆ? ಸೋತವರ ಪರ ವಹಿಸುವುದು ನಿಮಗೆ ಚಟವಾಗಿದೆ.’

ಮಾನ್ಯರೇ, ಪುಟವನ್ನೂ ಸಾಲನ್ನೂ ಎಣಿಸಿ ಓದುವವರು ಈಗ ಅಪರೂಪ; ಅದಕ್ಕಾಗಿ ಮೊದಲು ವಂದನೆ. ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಕಪ್ಪು ಜನಾಂಗದ ವಾದ್ಯವೃಂದ ನಾಯಕ ಹೆಂಡರ್ಸನ್‌ಗೆ ಯಜಮಾನಿಕೆ ಒಗ್ಗಲಿಲ್ಲ, ವ್ಯವಹಾರವಂತೂ ಮೊದಲೇ ತಿಳಿಯದು. 1929ರಲ್ಲಿ ಬ್ರಾಡ್‌ವೇಯ ಸಂಗೀತ ನಾಟಕವೊಂದರ ತಾಲೀಮಿನಲ್ಲಿ ತನ್ನ ವಾದಕರನ್ನು ತೆಗೆದು ಬಿಳಿಯರನ್ನು ಕೂರಿಸಿದಾಗಲೂ ಆತ ಬಾಯಿ ಬಿಡಲಿಲ್ಲವೆಂದು ಬೇಸತ್ತ ಕೆಲವರು ತಂಡವನ್ನೇ ತೊರೆದರು. ಗುಡ್‌ಮನ್ನನಾದರೋ ಷಿಕಾಗೋದ ಬಡ ಯಹೂದಿ ಮನೆಯಿಂದ ಮೇಲೆ ಬಂದವನು, ಕ್ಲಾರಿನೆಟ್ಟಿನಲ್ಲಿ ಪಳಗಿದ ಕೈ, ಕಪ್ಪು ಜನಾಂಗದ ಪಿಯಾನೋ ವಾದಕ ಟೆಡ್ಡಿ ವಿಲ್ಸನ್‌ನನ್ನು ವೇದಿಕೆಯ ಮೇಲೆ ಜೊತೆಗೆ ಕೂರಿಸಿಕೊಂಡ ಧೈರ್ಯಸ್ಥ. ಇಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ.

ಹೆಂಡರ್ಸನ್ ಹುಟ್ಟಿದ್ದು 1897ರಲ್ಲಿ, ಜಾರ್ಜಿಯಾದ ಕತ್‌ಬರ್ಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯ, ತಾಯಿ ಪಿಯಾನೋ ಕಲಿಸುವವಳು. ಮಗ ಓದಿದ್ದು ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ, ರಸಾಯನಶಾಸ್ತ್ರ. 1920ರಲ್ಲಿ ಅದೇ ವಿದ್ಯೆಯನ್ನು ನೆಚ್ಚಿ ನ್ಯೂಯಾರ್ಕಿಗೆ ಬಂದವನಿಗೆ, ಕಪ್ಪು ಜನರನ್ನು ಪ್ರಯೋಗಾಲಯದ ಬಾಗಿಲಲ್ಲೇ ತಡೆಯುತ್ತಿದ್ದ ಆ ಕಾಲದಲ್ಲಿ ದಕ್ಕಿದ್ದು ಸಂಗೀತ ಪ್ರಕಾಶಕರೊಬ್ಬರ ಅಂಗಡಿಯಲ್ಲಿ ಗಿರಾಕಿಗಳೆದುರು ಹೊಸ ಹಾಡುಗಳನ್ನು ಪಿಯಾನೋದಲ್ಲಿ ನುಡಿಸಿ ತೋರಿಸುವ ಕೆಲಸ. ಅಲ್ಲಿಂದ ಬ್ಲ್ಯಾಕ್ ಸ್ವಾನ್ ರೆಕಾರ್ಡ್ ಕಂಪನಿ, ಗಾಯಕಿ ಎಥೆಲ್ ವಾಟರ್ಸ್ ಜೊತೆ ತಿರುಗಾಟ, 1924ರಲ್ಲಿ ತನ್ನದೇ ತಂಡದೊಂದಿಗೆ ನ್ಯೂಯಾರ್ಕಿನ ರೋಸ್‌ಲ್ಯಾಂಡ್ ನೃತ್ಯಶಾಲೆ. ವಿದ್ಯೆಗೆ ತಕ್ಕ ಕೆಲಸ ಸಿಕ್ಕಿದ್ದರೆ ಈ ಮನುಷ್ಯ ಪಿಯಾನೋದ ಮುಂದೆ ಕೂತೇ ಹೊಟ್ಟೆ ಹೊರೆಯಬೇಕಾಗಿರಲಿಲ್ಲ ಎಂಬುದನ್ನು ‘ಸೋತವನು’ ಎಂದು ಬರೆಯುವ ಮೊದಲು ನೀವು ಒಂದು ಗಳಿಗೆ ಯೋಚಿಸಬಹುದಿತ್ತು.

ಅದೇ 1924ರಲ್ಲಿ ಕಾರ್ನೆಟ್ (ಟ್ರಂಪೆಟ್ಟನ್ನು ಹೋಲುವ ವಾದ್ಯ) ನುಡಿಸುವ ಲೂಯಿ ಆರ್ಮ್‌ಸ್ಟ್ರಾಂಗ್ ತಂಡಕ್ಕೆ ಬಂದ. ಸುಮಾರು ಒಂದು ವರ್ಷವಷ್ಟೇ ಇದ್ದ. ಸ್ಯಾಕ್ಸೋಫೋನಿಗೆ ಕೋಲ್‌ಮನ್ ಹಾಕಿನ್ಸ್, ವಾದ್ಯ ಸಂಯೋಜನೆಗೆ ಡಾನ್ ರೆಡ್‌ಮನ್. ಸ್ಯಾಕ್ಸೋಫೋನುಗಳದ್ದೊಂದು ಪಂಗಡ, ಟ್ರಂಪೆಟ್ ಟ್ರಾಂಬೋನುಗಳದ್ದೊಂದು ಪಂಗಡ, ಇವೆರಡರ ನಡುವೆ ಸವಾಲು-ಜವಾಬು, ಸಂದಿಯಲ್ಲಿ ಒಬ್ಬನ ಮನೋಧರ್ಮಕ್ಕೆ ಜಾಗ: ದೊಡ್ಡ ಜಾಝ್ ತಂಡ ಎಂದರೆ ಇಂದಿಗೂ ನಮ್ಮ ಕಿವಿಗೆ ಬರುವ ಈ ಕಟ್ಟಡ ಎದ್ದದ್ದು ಮುಖ್ಯವಾಗಿ ಅಲ್ಲಿ. 1927ರಲ್ಲಿ ರೆಡ್‌ಮನ್ ಹೊರಟುಹೋದ ಮೇಲೆ ಸಂಯೋಜನೆಯ ಭಾರ ಬರಬರುತ್ತ ಹೆಂಡರ್ಸನ್ನನ ಹೆಗಲಿಗೇ ಬಿತ್ತು.

‘ಕಿಂಗ್ ಪೋರ್ಟರ್ ಸ್ಟಾಂಪ್’ ಒಂದನ್ನೇ ತೆಗೆದುಕೊಳ್ಳಿ. ಮೂಲ ಕೃತಿ ಜೆಲ್ಲಿ ರೋಲ್ ಮಾರ್ಟನ್‌ನದು. ಹೆಂಡರ್ಸನ್ ಅದನ್ನು 1928ರಲ್ಲಿ ಧ್ವನಿಮುದ್ರಿಸಿದ, 1932ರಲ್ಲಿ ಮತ್ತೆ, 1933ರಲ್ಲಿ ಮತ್ತೊಮ್ಮೆ. ವಾದಕರು ಬಾಯಿಪಾಠವಾಗಿ ನುಡಿಸುತ್ತಲೇ ತಿದ್ದಿ ತೀಡಿದ ಆ ಕೃತಿಯ ಕೊನೆಯ ಭಾಗದಲ್ಲಿ ಹಿತ್ತಾಳೆ ವಾದ್ಯಗಳು ಒಂದು ತುಂಡು ಸ್ವರವನ್ನು ಎಸೆಯುತ್ತವೆ, ಸ್ಯಾಕ್ಸೋಫೋನುಗಳು ಅದನ್ನು ನೆಲಕ್ಕೆ ಬೀಳಗೊಡದೆ ಹಿಡಿದು ಹಿಂದಕ್ಕೆ ಎಸೆಯುತ್ತವೆ.

1934ರಲ್ಲಿ ತಂಡ ಚದುರಿತು. ಅದೇ ಹೊತ್ತಿಗೆ ಗುಡ್‌ಮನ್‌ಗೆ ಬಿಸ್ಕತ್ತು ಕಂಪನಿಯೊಂದರ ಪ್ರಾಯೋಜಕತ್ವದ ರೇಡಿಯೋ ಕಾರ್ಯಕ್ರಮ ಸಿಕ್ಕಿತ್ತು, ಹೊಸ ಸಂಯೋಜನೆಗಳಿಗೆ ಹಣವೂ ಸಿಕ್ಕಿತ್ತು. ರೆಕಾರ್ಡ್ ನಿರ್ಮಾಪಕ ಜಾನ್ ಹ್ಯಾಮಂಡ್ ಹೇಳಿದ ಮಾತಿನ ಮೇಲೆ ಹೆಂಡರ್ಸನ್ನನ ಸ್ವರಲಿಪಿಗಳು ಕೈ ಬದಲಾಯಿಸಿದವು. ನ್ಯೂಯಾರ್ಕಿನಲ್ಲಿ ನಡುರಾತ್ರಿಗೆ ಪ್ರಸಾರವಾದದ್ದು ಕ್ಯಾಲಿಫೋರ್ನಿಯಾದ ಹುಡುಗರಿಗೆ ಮುಂಚಿನ ಹೊತ್ತಿಗೇ ಕೇಳುತ್ತಿತ್ತು. ಆದ್ದರಿಂದಲೇ ದಾರಿಯುದ್ದಕ್ಕೂ ಪೆಟ್ಟು ತಿಂದು ಬಂದ ಗುಡ್‌ಮನ್ ತಂಡ 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸಿನ ಪಾಲೋಮಾರ್ ನೃತ್ಯಶಾಲೆಯಲ್ಲಿ ಹೆಂಡರ್ಸನ್ನನ ಪುಟಗಳನ್ನು ತೆರೆದಾಗ ಜನ ವೇದಿಕೆಗೆ ಮುಗಿಬಿದ್ದರು. ಕಿರೀಟ ಯಾರ ತಲೆಗೇರಿತೆಂಬುದನ್ನು ನಿಮ್ಮ ಪತ್ರವೇ ಹೇಳಿದೆ. ಈ ಋಣವನ್ನು ಗುಡ್‌ಮನ್ ತಾನೇ ಬಹಿರಂಗವಾಗಿ ಒಪ್ಪಿಕೊಂಡಿದ್ದ, ಒಪ್ಪದವರು ಅಭಿಮಾನಿಗಳು.

ಇದು ಅಮೆರಿಕದವರ ರೋಗ ಮಾತ್ರವಲ್ಲ. ಮನೆಯಲ್ಲಿ ಹಳೆಯ ಚಿತ್ರಗೀತೆಗಳ ಕ್ಯಾಸೆಟ್ಟುಗಳಿದ್ದರೆ ಹೊದಿಕೆ ಬಿಡಿಸಿ ನೋಡಿ. ನಾಯಕ, ನಾಯಕಿ, ಗಾಯಕ, ಸಂಗೀತ ನಿರ್ದೇಶಕ, ಹಂಚಿಕೆದಾರ ಎಲ್ಲರಿಗೂ ಸ್ಥಳವಿರುತ್ತದೆ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ, ನಾವು ಸ್ನಾನದ ಮನೆಯಲ್ಲೂ ಗುನುಗುವ ಆ ಪಿಟೀಲಿನ ಎಳೆಯನ್ನು ಬರೆದವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಛೇರಿಯ ಆಮಂತ್ರಣದಲ್ಲಿ ಪಕ್ಕವಾದ್ಯದವರ ಹೆಸರು ಸಣ್ಣ ಅಕ್ಷರಕ್ಕಿಳಿದು, ಪ್ರಾಯೋಜಕರ ಹೆಸರು ದಪ್ಪ ಅಕ್ಷರಕ್ಕೇರಿದ್ದನ್ನು ನೀವೂ ಕಂಡಿರುತ್ತೀರಿ. ಈ ಬಗ್ಗೆ ದನಿಯೆತ್ತಿದರೆ ‘ಚಟ’ ಎನ್ನುತ್ತಾರೆ. ಇರಲಿ, ಒಪ್ಪಿಕೊಂಡೆ.

1939ರಲ್ಲಿ ಹೆಂಡರ್ಸನ್ ಅದೇ ಗುಡ್‌ಮನ್ನನ ತಂಡದಲ್ಲಿ ಸಂಬಳಕ್ಕೆ ನಿಂತ. 1950ರಲ್ಲಿ ಪಾರ್ಶ್ವವಾಯು, 1952ರ ಡಿಸೆಂಬರಿನಲ್ಲಿ ಸಾವು. 1961ರಲ್ಲಿ ಕೊಲಂಬಿಯಾ ಕಂಪನಿ ಅವನ ಧ್ವನಿಮುದ್ರಿಕೆಗಳನ್ನು ಒಟ್ಟುಗೂಡಿಸಿ ತಂದಾಗ ಆ ಸಂಪುಟಕ್ಕೆ ಇಟ್ಟ ಹೆಸರಿನಲ್ಲೇ ‘ಹತಾಶೆ’ ಎಂಬ ಪದವಿತ್ತು. ನನಗೆ ಆ ಹೆಸರು ಹಿಡಿಸುವುದಿಲ್ಲ. ಒಳಗಿರುವ ಸಂಗೀತ ಹತಾಶನಾದವನದಲ್ಲ.

ಎಲ್ಲಿಂದ ಕೇಳಲು ತೊಡಗಬೇಕೆಂದು ಪತ್ರದ ತುದಿಯಲ್ಲಿ ಕೇಳಿದ್ದೀರಿ. ಮೊದಲು 1925ರ ‘ಶುಗರ್ ಫುಟ್ ಸ್ಟಾಂಪ್’, ಆರ್ಮ್‌ಸ್ಟ್ರಾಂಗನ ಕಾರ್ನೆಟ್ಟಿಗಾಗಿ. ಆಮೇಲೆ 1933ರ ‘ಕಿಂಗ್ ಪೋರ್ಟರ್’, ಅದರ ಬೆನ್ನಿಗೇ ಗುಡ್‌ಮನ್ನನ 1935ರದು. ಎರಡನ್ನೂ ಒಂದೇ ಸಂಜೆ ಕೇಳಿ, ಮತ್ತೆ ಬರೆಯಿರಿ; ಈ ಅಂಕಣದಲ್ಲಿ ಜಾಗ ಕೊಡುತ್ತೇನೆ.